ಕಾಫಿ ಬೀಜ ಪಣಕ್ಕಿಟ್ಟು ಪೋಕರ್ ಲೆಕ್ಕ ಕಲಿಯುವುದು ಹೇಗೆ

ವರ್ಷತೊಡಕಿನ ಮಧ್ಯಾಹ್ನ. ಸಕಲೇಶಪುರದ ಹತ್ತಿರ ಅಕ್ಕನ ಮನೆ. ಊಟ ಮುಗಿದು ಜಗಲಿಯಲ್ಲಿ ಚಾಪೆ ಹಾಸಿಯಾಗಿತ್ತು. ನಮ್ಮ ಹಾಸನದ ಕಡೆ ಯುಗಾದಿ ಅಂದರೆ ಇಸ್ಪೀಟ್ ಇರಲೇಬೇಕು, ನಿಮಗೂ ಗೊತ್ತಲ್ವಾ. ಈ ಸಲ ಮೂರೆಲೆ ಬೇಡ, ಪೋಕರ್ ಆಡೋಣ ಅಂದವನು ನಾನೇ. ಸ್ವಲ್ಪ ಹೊತ್ತಿಗೆ ನನಗೆ ಎರಡು ಎಕ್ಕ ಬಂದವು. ಇದ್ದ ಕಾಫಿ ಬೀಜವನ್ನೆಲ್ಲ ಮಧ್ಯಕ್ಕೆ ತಳ್ಳಿದೆ. ಅಕ್ಕನ ಮಗ ಕೈಯಲ್ಲಿ ಏಳು, ಎರಡು ಹಿಡಿದುಕೊಂಡು "ನೋಡೇ ಬಿಡೋಣ ಮಾಮ" ಅಂತ ತನ್ನದನ್ನೂ ತಳ್ಳಿದ. ಚಾಪೆಯ ಮೇಲೆ ಒಂದು ಏಳು ಬಿತ್ತು. ಕೊನೆಯ ಎಲೆ ಎರಡು. ಅವನಿಗೆ ಎರಡು ಜೋಡಿ ಆಯಿತು, ನನ್ನದು ಎಕ್ಕದ ಒಂದೇ ಜೋಡಿ. ನನ್ನ ರಾಶಿ ಅವನ ಪಾಲಾಯಿತು.

ಸಂಜೆ ತನಕ ಮುಖ ಊದಿಸಿಕೊಂಡು ಕೂತಿದ್ದೆ. ರಾತ್ರಿ ಲೆಕ್ಕ ಹಾಕಿದೆ. ಎರಡು ಎಕ್ಕದ ಎದುರು ಬೇರೆ ಬೇರೆ ಬಣ್ಣದ (ಒಂದು ಆಟಿನ್, ಒಂದು ಕಳಾವರ್, ಹೀಗೆ) ಏಳು-ಎರಡು ನೂರು ಸಲ ಆಡಿದರೆ ಸುಮಾರು 12 ಸಲ ಗೆಲ್ಲುತ್ತದೆ. ಹೆಚ್ಚುಕಮ್ಮಿ ಎಂಟಕ್ಕೊಂದು. ಅಂದರೆ ಅದೇನು ಪವಾಡವಲ್ಲ. ಹುಡುಗ ತಪ್ಪು ಆಟ ಆಡಿ ಗೆದ್ದ, ನಾನು ಸರಿಯಾಗಿ ಆಡಿ ಸೋತೆ. ಒಂದು ಆಟದ ಸೋಲು ಗೆಲುವು ನೋಡಿ ಯಾರು ಚೆನ್ನಾಗಿ ಆಡಿದರು ಅಂತ ಹೇಳೋಕೆ ಆಗಲ್ಲ. ಹಾಗಾದರೆ ಏನು ನೋಡಬೇಕು? ಮುಂದಿನ ಹಬ್ಬಕ್ಕೆ ನಿಮ್ಮ ಮನೆಯಲ್ಲೂ ಇದನ್ನು ಪರೀಕ್ಷೆ ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ದುಡ್ಡು ಎತ್ತಿಡಿ

ಇದು ಬುದ್ಧಿಮಾತಲ್ಲ, ಕಾನೂನಿನ ಮಾತು. ಕೌಶಲದ ಆಟ ಯಾವುದು, ಜೂಜು ಯಾವುದು ಅಂತ ನಮ್ಮ ಕೋರ್ಟುಗಳು ಬಹಳ ವರ್ಷದಿಂದ ತಲೆ ಕೆಡಿಸಿಕೊಂಡಿವೆ. 1968ರಲ್ಲೇ ಸುಪ್ರೀಂ ಕೋರ್ಟ್, ರಮ್ಮಿಗೆ ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ತಿಳಿದಿರಬೇಕು, ಹಾಗಾಗಿ ಅದರಲ್ಲಿ ಕೌಶಲವೇ ಹೆಚ್ಚು ಎಂದಿತು. ಮೂರೆಲೆ ಆಟವನ್ನು ಬರೀ ಅದೃಷ್ಟದ ಸಾಲಿಗೆ ಸೇರಿಸಿತು. ಪೋಕರ್ ಜೂಜೇ ಅಂತ ಗುಜರಾತ್ ಹೈಕೋರ್ಟ್ 2017ರಲ್ಲಿ ಹೇಳಿತು. ಇತ್ತ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣಕ್ಕೆ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡಕ್ಕೂ ನಿಷೇಧ.

ಅದಕ್ಕೇ ನಮ್ಮದು ಕಾಫಿ ಬೀಜದ ಆಟ. ತಲೆಗೆ 100 ಬೀಜ. ಒಣಗಿದ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಒಂದಕ್ಕೆ ಐದು ಬೀಜದ ಬೆಲೆ. ಚೆರಿಯೊಳಗೆ ಇರುವುದು ಎರಡೇ ಬೀಜ ಅಂತ ಭಾವ ತಕರಾರು ತೆಗೆದರು. ತೋಟದವರಿಗೆ ಎಲ್ಲದರಲ್ಲೂ ಔಟ್‌ಟರ್ನ್ ಲೆಕ್ಕ, ಅಂದರೆ ಇಷ್ಟು ಚೆರಿಗೆ ಎಷ್ಟು ಬೀಜ ಸಿಗುತ್ತದೆ ಅನ್ನುವುದು. ನಿಮ್ಮ ಮನೆಯಲ್ಲಿ ಕಾಫಿ ಇಲ್ಲದಿದ್ದರೆ ಹುಣಸೆ ಬೀಜವೂ ಆಗುತ್ತದೆ.

ಆಟ ಹೇಗೆ, ಮೂರೆಲೆಯವರು ಎಲ್ಲಿ ಎಡವುತ್ತಾರೆ

ನಾನು ಹೇಳುತ್ತಿರುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಕವುಚಿ ಹಾಕಬೇಕು. ಒಂದು ಸುತ್ತು ಪಣ. ಆಮೇಲೆ ಮಧ್ಯದಲ್ಲಿ ಮೂರು ಎಲೆ ಬಿಚ್ಚಿ ಹಾಕಬೇಕು, ಅದು ಫ್ಲಾಪ್. ಮತ್ತೆ ಪಣ. ನಾಲ್ಕನೆಯದು ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ಕೈಯ ಎರಡು, ಮಧ್ಯದ ಐದು, ಈ ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವರದು ರಾಶಿ. ಉಳಿದವರೆಲ್ಲ ನಡುವೆಯೇ ಎಲೆ ಬಿಟ್ಟರೆ ಉಳಿದ ಒಬ್ಬ ಎಲೆ ತೋರಿಸುವುದೂ ಬೇಡ.

ಮೂರೆಲೆ ಆಡಿದವರಿಗೆ ಎರಡು ಕಡೆ ಗೊಂದಲ ಆಗುತ್ತದೆ. ಒಂದು, ಬ್ಲೈಂಡ್ ಅನ್ನೋ ಮಾತು. ಅಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಇಲ್ಲಿ ಎಲೆ ಹಂಚಿದವರ ಎಡಕ್ಕೆ ಕೂತ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಪಣ. ಮೊದಲನೆಯವರು ಒಂದು ಬೀಜ, ಎರಡನೆಯವರು ಎರಡು. ಅದಿಲ್ಲದಿದ್ದರೆ ಎಲ್ಲರೂ ಎಕ್ಕದ ಜೋಡಿ ಬರುವ ತನಕ ಸುಮ್ನೆ ಕೂತಿರುತ್ತಾರೆ.

ಎರಡನೆಯದು ಸ್ವಾರಸ್ಯದ್ದು. ಮೂರೆಲೆಯಲ್ಲಿ ಸೀಕ್ವೆನ್ಸ್ (ಐದು, ಆರು, ಏಳರ ಹಾಗೆ ಸಾಲಾಗಿ ಬರುವುದು) ದೊಡ್ಡದು, ಕಲರ್ (ಎಲ್ಲವೂ ಆಟಿನ್ ಅನ್ನುವ ಹಾಗೆ ಒಂದೇ ಬಣ್ಣ) ಚಿಕ್ಕದು. ಪೋಕರ್‌ನಲ್ಲಿ ಉಲ್ಟಾ. ಯಾಕೆ? ಯಾವುದು ಅಪರೂಪವೋ ಅದು ದೊಡ್ಡದು, ಅಷ್ಟೇ. 52 ಎಲೆಯಲ್ಲಿ ಮೂರು ಎಲೆ 22,100 ಥರ ಬರಬಹುದು. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಐದು ಎಲೆಯಾದರೆ 25,98,960 ಥರ. ಅದರಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಐದೂ ಎಲೆ ಒಂದೇ ಬಣ್ಣ ಆಗುವುದು ಅಷ್ಟು ಕಷ್ಟ. ಅಂದ ಹಾಗೆ ಮೂರೆಲೆಯವರೂ ಒಂದು ಕಡೆ ಲೆಕ್ಕ ತಪ್ಪಿದ್ದಾರೆ. ಮೂರೂ ಎಲೆ ಒಂದೇ ಆಗುವುದು 52 ಥರ, ಕಲರ್ ಸೀಕ್ವೆನ್ಸ್ ಆಗುವುದು 48 ಥರ. ಆದರೂ ಮೂರು ಎಕ್ಕಕ್ಕೇ ಮರ್ಯಾದೆ. ಇದನ್ನು ಹೇಳಿದಾಗ ಭಾವ ನಂಬಲಿಲ್ಲ. ಪೇಪರಿನಲ್ಲಿ ಬರೆದು ಎಣಿಸಿದರು. ಆಮೇಲೂ ನಂಬಲಿಲ್ಲ.

ಪೋಕರ್‌ನ ಪೂರ್ತಿ ಸಾಲು ಕೆಳಗಿನಿಂದ ಮೇಲಕ್ಕೆ ಹೀಗಿದೆ: ಏನೂ ಇಲ್ಲದಿದ್ದರೆ ದೊಡ್ಡ ಎಲೆ, ಜೋಡಿ, ಎರಡು ಜೋಡಿ, ಮೂರು ಒಂದೇ, ಸೀಕ್ವೆನ್ಸ್, ಕಲರ್, ಫುಲ್ ಹೌಸ್ (ಮೂರು ಒಂದೇ ಜೊತೆಗೆ ಒಂದು ಜೋಡಿ), ನಾಲ್ಕೂ ಒಂದೇ, ಕಲರ್ ಸೀಕ್ವೆನ್ಸ್. ಬರೆದು ಗೋಡೆಗೆ ಅಂಟಿಸಿ.

ಎಲೆ ಕಲೆಸುವುದು

ಸಣ್ಣ ವಿಷಯ, ಆದರೆ ಬಿಡಬೇಡಿ. ಕಟ್ಟನ್ನು ಎರಡು ಭಾಗ ಮಾಡಿ ಅಂಚು ಬಾಗಿಸಿ ಪಟಪಟ ಒಂದರೊಳಗೊಂದು ಸೇರಿಸುವ ರೀತಿಯಲ್ಲಾದರೆ ಏಳು ಸಲ ಕಲೆಸಬೇಕು ಅಂತ 1992ರಲ್ಲಿ ಇಬ್ಬರು ಗಣಿತಜ್ಞರು ತೋರಿಸಿದರು. ನಾವು ಕೈಯಲ್ಲಿ ಹಿಡಿದು ಹಿಡಿ ಹಿಡಿಯಾಗಿ ಜಾರಿಸುವುದು ಅದಕ್ಕಿಂತ ಎಷ್ಟೋ ಕಳಪೆ. ಹಿಂದಿನ ಆಟದ ಎಲೆಗಳು ಅಂಟಿಕೊಂಡೇ ಬರುತ್ತವೆ. ಸುಲಭದ ದಾರಿ: ಎಲೆಗಳನ್ನು ಚಾಪೆ ಮೇಲೆ ಕವುಚಿ ಹರಡಿ, ಎರಡೂ ಕೈಯಲ್ಲಿ ಒಂದು ನಿಮಿಷ ಕಲಸಿ, ಒಟ್ಟು ಮಾಡಿ. ಮಕ್ಕಳಿಗೆ ಈ ಕೆಲಸ ಇಷ್ಟ.

ಮೊದಲ ಎರಡು ಎಲೆ: ಬಿಡುವುದನ್ನು ಕಲಿಯಿರಿ

ಎರಡು ಎಲೆ ಬರುವ ರೀತಿ ಒಟ್ಟು 1,326. ಅದರಲ್ಲಿ ಎಕ್ಕದ ಜೋಡಿ ಆರು ಮಾತ್ರ. ಅಂದರೆ 221 ಸಲಕ್ಕೆ ಒಂದು ಸಲ. ಗಂಟೆಗೆ 25 ಆಟ ಆಡಿದರೆ ಸುಮಾರು ಒಂಬತ್ತು ಗಂಟೆಗೊಮ್ಮೆ. ಯಾವುದೋ ಒಂದು ಜೋಡಿ ಬರುವುದು 17ಕ್ಕೆ ಒಂದು ಸಲ. ಹಾಗಾಗಿ ನಿಮ್ಮ ಕೈಗೆ ಬರುವುದರಲ್ಲಿ ಹೆಚ್ಚಿನದು ಕಸ. ಆರು ಜನ ಕೂತ ಆಟದಲ್ಲಿ ಹೊಸಬರು ನಾಲ್ಕರಲ್ಲಿ ಮೂರು ಸಲ ಎಲೆ ಬಿಟ್ಟರೆ ಸರಿ. ಬೇಜಾರಾಗುತ್ತದೆ. ಆದರೆ ಈ ಆಟದ ಮೊದಲ ಕೌಶಲ ಈ ಬೇಜಾರನ್ನು ತಡೆದುಕೊಳ್ಳುವುದೇ ಅಂತ ನನಗನಿಸುತ್ತದೆ.

ಆಡಬಹುದಾದವು: ಎಂಟರ ಜೋಡಿಯಿಂದ ಮೇಲಿನ ಜೋಡಿಗಳು, ಎಕ್ಕದ ಜೊತೆ ರಾಜ, ರಾಣಿ, ಜಾಕಿ ಅಥವಾ ಹತ್ತು, ಮತ್ತೆ ರಾಜ-ರಾಣಿ. ಸಣ್ಣ ಜೋಡಿಯನ್ನು ಕಡಿಮೆ ಬೀಜಕ್ಕೆ ಸಿಕ್ಕರೆ ಮಾತ್ರ ನೋಡಿ. ಫ್ಲಾಪಿನಲ್ಲಿ ಅದರ ಮೂರನೆಯ ಎಲೆ ಸಿಗುವುದು ಎಂಟೊಂಬತ್ತು ಸಲಕ್ಕೆ ಒಂದು ಸಲ. ಎರಡೂ ಆಟಿನ್ ಇದೆ, ಎರಡೂ ಕಳಾವರ್ ಇದೆ ಅಂತ ಏನೇನೋ ಹಿಡಿದು ಕೂರುವುದು ಹೊಸಬರ ಚಟ. ಹಾಗೆ ಹಿಡಿದವರಿಗೆ ಫ್ಲಾಪಿನಲ್ಲೇ ಕಲರ್ ಆಗುವುದು 119ಕ್ಕೆ ಒಂದು ಸಲ.

ಒಳ್ಳೆ ಎಲೆ ಬಂದರೆ ಬಚ್ಚಿಡಬೇಡಿ, ಪಣ ಏರಿಸಿ. ಎಕ್ಕದ ಜೋಡಿ ಎದುರಿಗೆ ಯಾವುದೋ ಎರಡು ಎಲೆ ಹಿಡಿದ ಒಬ್ಬರೇ ಇದ್ದರೆ ನೂರಕ್ಕೆ 85 ಸಲ ಗೆಲ್ಲುತ್ತದೆ. ಅಂಥವರು ಐದು ಜನ ಇದ್ದರೆ ಸುಮಾರು 49 ಸಲ ಮಾತ್ರ. ಎಕ್ಕ ಅವೇ, ಗುಂಪು ದೊಡ್ಡದಾಯಿತು ಅಷ್ಟೆ. ಏರಿಸಿದರೆ ಗುಂಪು ಕರಗುತ್ತದೆ.

ಎಲ್ಲಿ ಕೂತಿದ್ದೀರಿ ಅನ್ನುವುದೂ ಮುಖ್ಯ. ಫ್ಲಾಪ್ ಆದ ಮೇಲೆ ಎಲೆ ಹಂಚಿದವರೇ ಕೊನೆಗೆ ಮಾತಾಡುವುದು. ಅಷ್ಟು ಹೊತ್ತಿಗೆ ಉಳಿದವರೆಲ್ಲ ಬಾಯಿ ಬಿಟ್ಟಿರುತ್ತಾರೆ. ಸಂತೆಯಲ್ಲಿ ಮೊದಲು ಬೆಲೆ ಹೇಳಿದವನು ಕೆಟ್ಟ ಅನ್ನುವ ಹಾಗೆ. ಆ ಜಾಗದಲ್ಲಿದ್ದಾಗ ಸ್ವಲ್ಪ ಜಾಸ್ತಿ ಆಡಿ, ಮೊದಲು ಮಾತಾಡುವ ಜಾಗದಲ್ಲಿ ಕಡಿಮೆ ಆಡಿ.

ಬರಬೇಕಾದ ಎಲೆ ಎಣಿಸುವುದು

ಈಗ ನಿಜವಾದ ಲೆಕ್ಕ. ನಿಮ್ಮ ಕೈಯಲ್ಲಿ ಎರಡು ಆಟಿನ್ ಇದೆ. ಫ್ಲಾಪಿನಲ್ಲಿ ಇನ್ನೆರಡು ಬಿತ್ತು. ಕಲರಿಗೆ ಒಂದು ಬೇಕು. ಒಟ್ಟು 13 ಆಟಿನ್, ಕಂಡದ್ದು ನಾಲ್ಕು, ಉಳಿದದ್ದು ಒಂಬತ್ತು. ನೀವು ನೋಡದ ಎಲೆ 47. ಮುಂದಿನ ಎಲೆ ಆಟಿನ್ ಆಗುವುದು 47ರಲ್ಲಿ 9, ಅಂದರೆ ನೂರಕ್ಕೆ 19. ಎರಡೂ ಎಲೆ ನೋಡಲು ಸಿಕ್ಕರೆ ನೂರಕ್ಕೆ 35.

ಚಾಪೆ ಮೇಲೆ ಕೂತು ಭಾಗಾಕಾರ ಆಗಲ್ಲ. ಅದಕ್ಕೊಂದು ಸುಲಭ ದಾರಿ ಇದೆ. ಒಂದು ಎಲೆ ಬರುವುದಿದ್ದರೆ ಬೇಕಾದ ಎಲೆಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಎರಡು ಎಲೆ ಬರುವುದಿದ್ದರೆ ನಾಲ್ಕರಿಂದ. ಒಂಬತ್ತಕ್ಕೆ 18 ಮತ್ತು 36. ನಿಜದ ಲೆಕ್ಕಕ್ಕೆ ಹತ್ತಿರವೇ. ಕೈಯಲ್ಲಿ ಎಂಟು-ಒಂಬತ್ತು, ಫ್ಲಾಪಿನಲ್ಲಿ ಏಳು-ಹತ್ತು ಇದ್ದರೆ ಆರು ಬಂದರೂ ಆಯಿತು, ಜಾಕಿ ಬಂದರೂ ಆಯಿತು. ಎಂಟು ಎಲೆ, ಹಾಗಾಗಿ 16 ಮತ್ತು 32. ನಡುವಿನ ಒಂದೇ ಎಲೆಗೆ ಕಾಯುತ್ತಿದ್ದರೆ ನಾಲ್ಕೇ ಎಲೆ, 8 ಮತ್ತು 16.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ನಾನೂ ಎರಡು ಹಬ್ಬ ಅದನ್ನೇ ಮಾಡಿದೆ. ನಾಲ್ಕರಿಂದ ಗುಣಿಸಿ 36 ಅಂತ ಹಿಗ್ಗುತ್ತೇವೆ. ಆದರೆ ಟರ್ನ್ ಆದ ಮೇಲೆ ಎದುರಿನವರು ಮತ್ತೆ ಪಣ ಹಾಕುತ್ತಾರೆ, ರಿವರ್ ನೋಡಲು ಮತ್ತೆ ಬೀಜ ಕೊಡಬೇಕು. ಇನ್ನು ಬೀಜ ಹಾಕುವುದೇ ಇಲ್ಲ, ಎಲ್ಲ ಮಧ್ಯದಲ್ಲಿದೆ ಅನ್ನುವಾಗ ಮಾತ್ರ ನಾಲ್ಕರ ಗುಣಾಕಾರ. ಇಲ್ಲದಿದ್ದರೆ ಎರಡರದು.

ರಾಶಿಗೂ ಲೆಕ್ಕಕ್ಕೂ ತಾಳೆ ಹಾಕುವುದು

ನೂರಕ್ಕೆ 19 ಒಳ್ಳೆಯದೋ ಕೆಟ್ಟದೋ? ಬರೀ ಅಷ್ಟರಿಂದ ಗೊತ್ತಾಗಲ್ಲ. ಎಷ್ಟು ಕೊಟ್ಟು ಎಷ್ಟಕ್ಕೆ ಆಸೆ ಪಡುತ್ತಿದ್ದೀರಿ ನೋಡಬೇಕು.

ಟರ್ನ್ ಆಗಿದೆ, ಕಲರಿಗೆ ಒಂದು ಆಟಿನ್ ಬೇಕು, ನೋಡದ ಎಲೆ 46. ರಾಶಿಯಲ್ಲಿ 80 ಬೀಜ ಇದೆ. ಭಾವ 40 ಹಾಕಿದರು. ನೀವು 40 ಕೊಟ್ಟರೆ ಗೆಲ್ಲಬಹುದಾದದ್ದು 120. ಇದೇ ಸಂದರ್ಭ 46 ಸಲ ಬಂತು ಅಂದುಕೊಳ್ಳಿ. ಒಂಬತ್ತು ಸಲ ಆಟಿನ್ ಬೀಳುತ್ತದೆ, 9 ಗುಣಿಸು 120, ಅಂದರೆ 1,080 ಬೀಜ ಬಂತು. 37 ಸಲ ಬೀಳುವುದಿಲ್ಲ, 37 ಗುಣಿಸು 40, ಅಂದರೆ 1,480 ಹೋಯಿತು. ಒಟ್ಟು 400 ನಷ್ಟ. ಪ್ರತಿ ಸಲ ಎಂಟೊಂಬತ್ತು ಬೀಜ ಭಾವನ ಜೇಬಿಗೆ.

ಅದೇ ಜಾಗದಲ್ಲಿ ಭಾವ 20 ಮಾತ್ರ ಹಾಕಿದರೆ? ಗೆಲ್ಲುವುದು 100. ಒಂಬತ್ತು ಸಲಕ್ಕೆ 900 ಬಂತು, 37 ಸಲಕ್ಕೆ 740 ಹೋಯಿತು. 160 ಲಾಭ. ಎಲೆ ಬದಲಾಗಿಲ್ಲ, ಅದೃಷ್ಟ ಬದಲಾಗಿಲ್ಲ. ಬೆಲೆ ಬದಲಾಯಿತು, ಮಾಡಬೇಕಾದ್ದು ಬದಲಾಯಿತು. ಮೊದಲನೆಯದರಲ್ಲಿ ಎಲೆ ಬಿಡಬೇಕು, ಎರಡನೆಯದರಲ್ಲಿ ಹಿಡಿಯಬೇಕು. ಹಿಡಿದರೂ ಐದರಲ್ಲಿ ನಾಲ್ಕು ಸಲ ಸೋಲುತ್ತೀರಿ ಅನ್ನುವುದನ್ನು ಗಮನಿಸಿ. ಸೋತರೂ ಹಿಡಿದದ್ದು ಸರಿ. ಇದು ತಲೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು.

ಇನ್ನೊಂದು ಕಡೆಯಿಂದಲೂ ನೋಡಿ. ಒಳ್ಳೆ ಎಲೆ ನಿಮ್ಮದಾಗಿ, ಎದುರಿನವರು ಕಲರಿಗೆ ಕಾಯುತ್ತಿದ್ದಾರೆ ಅನಿಸಿದರೆ ಪುಡಿ ಪಣ ಹಾಕಬೇಡಿ. ಅವರಿಗೆ ಅಗ್ಗಕ್ಕೆ ಕೊಟ್ಟ ಹಾಗೆ. ರಾಶಿಯ ಅರ್ಧದಷ್ಟಾದರೂ ಹಾಕಿ.

ಬ್ಲಫ್, ಮತ್ತು ಅಕ್ಕನ ಎದುರು ಬ್ಲಫ್

ಎಲೆ ಇಲ್ಲದೆ ಇದೆ ಅಂತ ನಂಬಿಸುವುದಕ್ಕೂ ಲೆಕ್ಕ ಇದೆ. 60 ಬೀಜದ ರಾಶಿಗೆ 30 ಹಾಕಿ ಹೆದರಿಸಿದರೆ, ಮೂರರಲ್ಲಿ ಒಂದು ಸಲ ಎದುರಿನವರು ಎಲೆ ಬಿಟ್ಟರೂ ನಿಮಗೆ ನಷ್ಟವಿಲ್ಲ. 60ಕ್ಕೆ 60 ಹಾಕಿದರೆ ಎರಡರಲ್ಲಿ ಒಂದು ಸಲ ಬಿಡಬೇಕು. ಹಾಗಾಗಿ ಪ್ರಶ್ನೆ ಒಂದೇ: ಇವರು ಎಷ್ಟು ಸಲ ಬಿಡುತ್ತಾರೆ?

ನಮ್ಮ ಅಕ್ಕ ಬಿಡುವುದೇ ಇಲ್ಲ. "ಅಲ್ಲೇನಿದೆ ನೋಡದೆ ಹೆಂಗೋ ಬಿಡ್ಲಿ" ಅಂತ ಕೊನೆ ತನಕ ಹಾಕುತ್ತಾಳೆ. ಅಂಥವರ ಎದುರು ಬ್ಲಫ್ ಮಾಡುವುದು ಬಂಡೆಗೆ ನೀರು ಹೊಯ್ದ ಹಾಗೆ. ನಿಮಗೆ ಒಳ್ಳೆ ಎಲೆ ಬಂದಾಗ ಮಾತ್ರ ಅವರ ಎದುರು ದೊಡ್ಡ ಪಣ ಹಾಕಿ, ಅವರು ಕೊಡುತ್ತಲೇ ಇರುತ್ತಾರೆ. ಭಾವ ಬೇರೆ ಥರ. ಸ್ವಲ್ಪ ಏರಿಸಿದರೆ ಬಿಟ್ಟುಬಿಡುತ್ತಾರೆ. ಅವರು ಏರಿಸಿದರೆ ನೀವು ಬಿಡಿ. ಇಬ್ಬರಿಗೂ ಅಷ್ಟೇ ಎಲೆ ಬರುವುದು. ಎಲೆ ನೋಡುವಷ್ಟೇ ಹೊತ್ತು ಮನುಷ್ಯರನ್ನೂ ನೋಡಿ.

ಅದೃಷ್ಟ ಎಷ್ಟು ಹೊತ್ತು ಇರುತ್ತದೆ: ಚೀಲದ ಪರೀಕ್ಷೆ

ಒಂದು ಬಟ್ಟೆ ಚೀಲಕ್ಕೆ ಆರು ಪೀಬೆರಿ (ಚೆರಿಯೊಳಗೆ ಒಂದೇ ಆಗಿ ದುಂಡಗೆ ಬೆಳೆದ ಬೀಜ), ನಾಲ್ಕು ಸಾಮಾನ್ಯ ಬೀಜ ಹಾಕಿ. ನೋಡದೆ ಒಂದು ತೆಗೆಯಿರಿ, ಬರೆದುಕೊಳ್ಳಿ, ಮತ್ತೆ ಚೀಲಕ್ಕೆ ಹಾಕಿ ಅಲ್ಲಾಡಿಸಿ. ಪೀಬೆರಿ ಬಂದರೆ ಜಾಣನಿಗೆ ಗೆಲುವು, ಇನ್ನೊಂದು ಬಂದರೆ ದಡ್ಡನಿಗೆ. ನಾವು ಹಾಗೇ ಮಾಡಿದೆವು. ಆದರೆ ತೋಟದ ಮನೆಯವರ ಬೆರಳಿಗೆ ಪೀಬೆರಿಯ ದುಂಡು ಗೊತ್ತಾಗಿಬಿಡುತ್ತದೆ. ಅಕ್ಕ ಹತ್ತಕ್ಕೆ ಹತ್ತೂ ಪೀಬೆರಿ ತೆಗೆದಳು! ಆಮೇಲೆ ಎಲ್ಲ ಒಂದೇ ಥರದ ಬೀಜ ತಗೊಂಡು ಆರಕ್ಕೆ ಪೆನ್ನಿನಲ್ಲಿ ಗುರುತು ಹಾಕಿದೆವು. ನೀವೂ ಹಾಗೇ ಮಾಡಿ.

ಜಾಣನಿಗೆ ನೂರಕ್ಕೆ 60, ದಡ್ಡನಿಗೆ 40. ದೊಡ್ಡ ಅಂತರವೇ. ಆದರೂ ಹತ್ತು ಸಲ ತೆಗೆದಾಗ ದಡ್ಡನೇ ಮುಂದಿರುವುದು ಆರಕ್ಕೆ ಒಂದು ಸಲ. ಸಮ ಆಗುವುದು ಐದಕ್ಕೆ ಒಂದು ಸಲ. ನೂರು ಸಲ ತೆಗೆದರೆ ಮಾತ್ರ ದಡ್ಡ ಮುಂದಿರುವುದು ನೂರಕ್ಕೆ ಎರಡರಷ್ಟೂ ಇಲ್ಲ. ಒಂದು ಹಬ್ಬದ ಮಧ್ಯಾಹ್ನ ಆಡುವುದು ಹತ್ತರ ಲೆಕ್ಕ. ಯುಗಾದಿ ದಿನ ಗೆದ್ದರೆ ವರ್ಷವೆಲ್ಲ ಗೆಲುವು ಅನ್ನುತ್ತಾರಲ್ಲ, ಚೀಲಕ್ಕೆ ಅದು ಗೊತ್ತಿಲ್ಲ. "ಇಷ್ಟೊತ್ತು ಬರ್ಲಿಲ್ಲ, ಈಗ ಬರ್ಲೇಬೇಕು" ಅನ್ನುವುದೂ ಅದಕ್ಕೆ ಗೊತ್ತಿಲ್ಲ.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಹೂ ಅರಳಿಸುವ ಹೂ ಮಳೆ ಹೊತ್ತಿಗೆ ಸರಿಯಾಗಿ ಬಂದು, ಅದರ ಹಿಂದೆ ಬೇಕಾದ ಬ್ಯಾಕಿಂಗ್ ಮಳೆಯೂ ಆದ ವರ್ಷ ಎಲ್ಲರೂ ಒಳ್ಳೆ ಪ್ಲಾಂಟರ್‌ಗಳೇ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರು ಉಳಿಸಿಕೊಂಡು, ಸ್ಪ್ರಿಂಕ್ಲರ್ ಪೈಪು ಮೊದಲೇ ಜೋಡಿಸಿಟ್ಟವರು ಯಾರು ಅಂತ ಕಾಣುತ್ತದೆ. ಒಂದು ಫಸಲು ನೋಡಿ ಯಾರೂ ತೋಟಕ್ಕೆ ಬೆಲೆ ಕಟ್ಟುವುದಿಲ್ಲ.

ಪುಸ್ತಕದಲ್ಲಿ ಏನು ಬರೆಯಬೇಕು

ಗೆದ್ದದ್ದು ಸೋತದ್ದು ಬರೆಯಬೇಡಿ, ಅದು ಬೀಜ ಎಣಿಸಿದರೆ ಗೊತ್ತಾಗುತ್ತದೆ. ದೊಡ್ಡ ರಾಶಿ ಆದ ಪ್ರತಿ ಆಟಕ್ಕೂ ಮೂರು ವಿಷಯ ಬರೆಯಿರಿ. ಬೀಜ ಹಾಕುವ ಹೊತ್ತಿಗೆ ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಅಂದುಕೊಂಡಿದ್ದಿರಿ. ಎಲೆ ಬಿಚ್ಚಿದ ಮೇಲೆ ನಿಜಕ್ಕೂ ಎಷ್ಟಿತ್ತು. ಹಾಕಿದ ಬೆಲೆಗೆ ಅದು ಸಾಕಿತ್ತೋ ಇಲ್ಲವೋ. ನನ್ನ ಎಕ್ಕದ ಆಟ ಈ ಪುಸ್ತಕದಲ್ಲಿ "88, ಸರಿ" ಅಂತಿದೆ. ಅಕ್ಕನ ಮಗನದು "12, ತಪ್ಪು". ರಾಶಿ ಹೋದದ್ದು ಎಲ್ಲೂ ಬರೆದಿಲ್ಲ.

ನೂರಕ್ಕೆ 80 ಗೆಲ್ಲುವ ಜಾಗದಲ್ಲಿದ್ದೂ ಸತತ ಮೂರು ಸಲ ಸೋಲುವುದು 125ಕ್ಕೆ ಒಂದು ಸಲ ಆಗಿಯೇ ಆಗುತ್ತದೆ. ಆಗ ತಲೆ ಕೆಡುತ್ತದೆ, ಕಸದ ಎಲೆಗೂ ಬೀಜ ಸುರಿಯಲು ಶುರು ಮಾಡುತ್ತೀರಿ. ಹಾಗನಿಸಿದ ಕೂಡಲೇ ಎದ್ದು ಕಾಫಿ ಕುಡಿದು ಬನ್ನಿ.

ಅದಲು ಬದಲು ಆಟ

ಅದೃಷ್ಟವನ್ನು ಬಹಳ ಮಟ್ಟಿಗೆ ತೆಗೆದುಹಾಕುವ ಉಪಾಯವೊಂದಿದೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರೇಟಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ನುರಿತ ಆಟಗಾರರ ಜೊತೆ 20 ದಿನ, 1,20,000 ಆಟ ಆಡಿ ಗೆದ್ದಿತು. ಒಬ್ಬ ಆಟಗಾರನಿಗೆ ಬಂದ ಎಲೆಯೇ ಇನ್ನೊಂದು ಕೋಣೆಯಲ್ಲಿ ಕಂಪ್ಯೂಟರಿಗೆ ಬರುವ ಹಾಗೆ ಮಾಡಿದ್ದರು. ಒಳ್ಳೆ ಎಲೆ ಬಂದದ್ದಕ್ಕೆ ಗೆದ್ದ ಅನ್ನುವ ಮಾತೇ ಇಲ್ಲ.

ಮನೆಯಲ್ಲಿ ಇದನ್ನು ನಾಲ್ಕು ಜನ, ಎರಡು ಕಟ್ಟು ಎಲೆ ಇಟ್ಟುಕೊಂಡು ಮಾಡಬಹುದು. ಇಬ್ಬಿಬ್ಬರ ಎರಡು ಜೋಡಿ. ಜಗಲಿಯಲ್ಲಿ ಒಂದು ಚಾಪೆ, ಒಳಮನೆಯಲ್ಲಿ ಒಂದು. ಪ್ರತಿ ಚಾಪೆಯಲ್ಲೂ ಎರಡೂ ಜೋಡಿಯಿಂದ ಒಬ್ಬೊಬ್ಬರು. ಎರಡೂ ಕಟ್ಟನ್ನು ಒಂದೇ ಕ್ರಮದಲ್ಲಿ ಜೋಡಿಸಿ. ಜಗಲಿಯಲ್ಲಿ ನಿಮ್ಮ ಜೋಡಿಯವರಿಗೆ ಬಂದ ಎಲೆ ಒಳಗೆ ಎದುರು ಜೋಡಿಯವರಿಗೆ ಬರುವ ಹಾಗೆ ಕೂರಿಸಿ. ಜೋಡಿಸುವ ಕೆಲಸಕ್ಕೆ ಆಡದ ಒಬ್ಬರು ಬೇಕು, ಇಲ್ಲದಿದ್ದರೆ ಗುಟ್ಟು ಉಳಿಯಲ್ಲ. ಇಪ್ಪತ್ತು ಆಟ ಆದ ಮೇಲೆ ಪ್ರತಿ ಜೋಡಿಯ ಎರಡೂ ಕಡೆಯ ಬೀಜ ಕೂಡಿಸಿ.

ಈ ದೀಪಾವಳಿಗೆ ನಾವು ಹಾಗೆ ಆಡಿದೆವು. ನಾನು ಮತ್ತು ಭಾವ ಒಂದು ಜೋಡಿ, ಅಕ್ಕ ಮತ್ತು ಅವಳ ಮಗ ಇನ್ನೊಂದು. ಜೋಡಿಸಿಕೊಟ್ಟದ್ದು ನನ್ನ ಹೆಂಡತಿ. ನಾವು 31 ಬೀಜ ಮುಂದಿದ್ದೆವು. "ಇಪ್ಪತ್ತು ಆಟ ಸಾಕಾ ಮಾಮ, ನೂರು ಆಡ್ಬೇಕು ಅಂದಿದ್ದು ನೀವೇ ತಾನೆ" ಅಂದ ಹುಡುಗ. ಉತ್ತರ ಕೊಡಲು ಆಗಲಿಲ್ಲ. ಎಲ್ಲರ ಬೀಜ ಡಬ್ಬಕ್ಕೆ ಹಾಕುವಾಗ ಎಣಿಸಿದರೆ 400ರಲ್ಲಿ 383 ಮಾತ್ರ ಇದ್ದವು. ಚಾಪೆ ಕೊಡವಿ ನೋಡಿದೆವು. ಮತ್ತೆ ಎಣಿಸುತ್ತಾ ಕೂತಿದ್ದೇವೆ, ಒಳಗಿನಿಂದ ಅಕ್ಕ "ಕಾಫಿ ಆಯ್ತು, ಬನ್ರೋ" ಅಂತ ಕೂಗಿದಳು.